ಜೋಡಿ ನೂರಿನ ಕೆಂಪು ಸಾಲು

ಕ್ವಿಜ್ ಅಂದರೆ ಜ್ಞಾನದ ಪರೀಕ್ಷೆ ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಮೂರು ವರ್ಷ ಕಾಲೇಜಿನ ತಂಡದಲ್ಲಿ ಕುಳಿತು ಗುಂಡಿ ಒತ್ತಿದ್ದೇನೆ. ನನ್ನ ಮಟ್ಟಿಗೆ ಅದು ಬೆಲೆಯನ್ನು ಯಾರು ಮೊದಲು ಹೇಳಬೇಕು, ಯಾವಾಗ ಹೇಳಬೇಕು ಎಂಬ ಆಟ. ಈಗ ಗಂಗಾವತಿಯಲ್ಲಿ ಹಳೆಯ ಟ್ರ್ಯಾಕ್ಟರು, ಭತ್ತ ಕೊಯ್ಯುವ ಯಂತ್ರಗಳನ್ನು ಕೊಡಿಸುವ ಕೆಲಸ ಮಾಡುತ್ತೇನೆ. ಅಪ್ಪ ಬಿಟ್ಟುಹೋದ ದಂಧೆಯಲ್ಲ, ಯಾರೂ ಕೈ ಹಿಡಿದು ಕಲಿಸಿದ್ದೂ ಅಲ್ಲ. ಅರ್ಧ ಆ ಗುಂಡಿ ಕಲಿಸಿತು. ಇನ್ನರ್ಧವನ್ನು ನಮ್ಮ ತಂಡದಲ್ಲಿದ್ದ ಶ್ರೀರಾಮನಗರದ ಹುಡುಗಿ ಒಂದೇ ಮಧ್ಯಾಹ್ನದಲ್ಲಿ ಕಲಿಸಿದಳು.

ಆಟದ ರೀತಿ ಮೊದಲು ಹೇಳಿಬಿಡುತ್ತೇನೆ. ಕೊಪ್ಪಳದ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ ನಿವೃತ್ತರಾದ ಕೆಲವರು ಸೇರಿ ಪ್ರತಿ ಚಳಿಗಾಲ ಈ ಪಂದ್ಯ ಇಡುತ್ತಿದ್ದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಕಾಲೇಜುಗಳು ಬರುತ್ತಿದ್ದವು. ಕಾಲೇಜು ಮುಗಿಸಿದ ಮರುವರ್ಷವೂ ಆಡಲು ಅವಕಾಶವಿತ್ತು. ಒಂದು ತಂಡಕ್ಕೆ ನಾಲ್ಕು ಕುರ್ಚಿ, ನಾಲ್ಕು ಗುಂಡಿ. ಗುಂಡಿಗಳು ಮನೆಬಾಗಿಲಿನ ಕರೆಗಂಟೆಯವು. ಒತ್ತಿದರೆ ಗೋಡೆಯ ಹಲಗೆಯ ಮೇಲೆ ಆ ಕುರ್ಚಿಯ ನಂಬರಿನ ಬಲ್ಬು ಹತ್ತುತ್ತಿತ್ತು. ಒಂದು ಪಂದ್ಯಕ್ಕೆ ಇಪ್ಪತ್ತು ಪ್ರಶ್ನೆ. ಪ್ರತಿ ಪ್ರಶ್ನೆಯೂ ಉದ್ದ, ಕಠಿಣವಾದ ಸುಳಿವಿನಿಂದ ಶುರುವಾಗಿ ಕೊನೆಗೆ ಎಳೆಯ ಮಕ್ಕಳಿಗೂ ಗೊತ್ತಿರುವಷ್ಟು ಸುಲಭವಾಗುತ್ತಿತ್ತು. ಅರ್ಧಕ್ಕೆ ಬಂದಾಗ ಓದುವವರು ಮೇಜಿನ ಮೇಲೆ ಒಮ್ಮೆ ಕುಟ್ಟುತ್ತಿದ್ದರು. ಕುಟ್ಟುವ ಮೊದಲೇ ಒತ್ತಿ ಸರಿಯಾಗಿ ಹೇಳಿದರೆ ಹದಿನೈದು, ಆಮೇಲೆ ಹೇಳಿದರೆ ಹತ್ತು, ತಪ್ಪಾದರೆ ಐದು ಕಡಿತ.

ಅಂಕ ಬರೆಯುವವರು ಆಟಗಾರರಿಗೆ ಬೆನ್ನು ಹಾಕಿ, ಬಲ್ಬಿನ ಹಲಗೆಗೆ ಮುಖ ಮಾಡಿ ಕೂಡಬೇಕು. ಮುಖ ನೋಡಿ ಅಂಕ ಹಾಕಬಾರದು ಎಂಬುದು ಅಲ್ಲಿನ ಕಟ್ಟಳೆ. ಹಾಳೆಯಲ್ಲಿ ಹೆಸರಿರುತ್ತಿರಲಿಲ್ಲ, ಕುರ್ಚಿಯ ನಂಬರ್, ಅದರ ಮುಂದೆ ಹೇಳಿದ ಉತ್ತರ, ಅಂಕ ಇಷ್ಟೇ. ಯಾವ ಕುರ್ಚಿಯಲ್ಲಿ ಯಾರು ಎಂದು ಪಂದ್ಯ ಶುರುವಾಗುವ ಮೊದಲು ಒಮ್ಮೆ ಬರೆದುಕೊಂಡರೆ ಮುಗಿಯಿತು.

ಗೆದ್ದವರಿಗೆ ಒಂದು ಹಿತ್ತಾಳೆ ಬಟ್ಟಲು. ಅದರ ಆಸೆ ಯಾರಿಗೂ ಹೆಚ್ಚಿರಲಿಲ್ಲ. ಎಲ್ಲರ ಕಣ್ಣು ಇದ್ದದ್ದು ಆ ಹಿರಿಯರು ಇಟ್ಟುಕೊಂಡಿದ್ದ ದಪ್ಪ ನೋಟ್‌ಬುಕ್ಕಿನ ಮೇಲೆ. ಒಂದೇ ತಂಡದ ಇಬ್ಬರು ಒಂದೇ ಪಂದ್ಯದಲ್ಲಿ ತಲಾ ನೂರು ದಾಟಿದರೆ ಅವರ ಹೆಸರನ್ನು ಅದರಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಜೋಡಿ ನೂರು ಎಂದು ಅದರ ಹೆಸರು. ಒಬ್ಬ ಜಾಣ ನೂರು ಹೊಡೆಯುವುದು ದೊಡ್ಡ ಮಾತಲ್ಲ, ವರ್ಷಕ್ಕೆ ಒಂದೆರಡು ಆಗುತ್ತಿತ್ತು. ಇಬ್ಬರು ಹೊಡೆಯಬೇಕೆಂದರೆ ಹೆಚ್ಚುಕಡಿಮೆ ತಲಾ ಏಳು ಪ್ರಶ್ನೆಗಳನ್ನು ಅರ್ಧಕ್ಕೆ ಮೊದಲೇ ಹಿಡಿಯಬೇಕು. ಇಪ್ಪತ್ತರಲ್ಲಿ ಹದಿನಾಲ್ಕು ಅವರಿಬ್ಬರಿಗೇ ಹೋದರೆ ಎದುರಾಳಿಗೆ ಉಳಿಯುವುದೇನು? ನಾವು ಆಡುವ ಹೊತ್ತಿಗೆ ಆ ನೋಟ್‌ಬುಕ್ಕಿನಲ್ಲಿ ಅಂಥ ಸಾಲು ಇದ್ದದ್ದು ಎರಡೇ.

ನಮ್ಮ ಕೊನೆಯ ವರ್ಷ ಆ ಸಾಲಿಗೆ ಇನ್ನೊಂದು ತೂಕ ಬಂತು. ಗಂಗಾವತಿಯ ಒಬ್ಬ ಅಕ್ಕಿ ಗಿರಣಿ ಮಾಲೀಕರು, ಇನ್ನು ಮುಂದೆ ಕೆಂಪು ಸಾಲಿನಲ್ಲಿ ಹೆಸರು ಬಂದವರಿಗೆ ಧಾರವಾಡದಲ್ಲಿ ಸರ್ಕಾರಿ ಪರೀಕ್ಷೆಯ ಒಂದು ವರ್ಷದ ತರಬೇತಿ, ವಸತಿ ಸಮೇತ ಪುಕ್ಕಟೆ ಎಂದು ಘೋಷಿಸಿದರು. ಶ್ರೀರಾಮನಗರದ ಹುಡುಗಿ ಆ ದಿನದಿಂದ ಬೇರೆ ಮಾತು ಬಿಟ್ಟಳು. ಅವಳ ಅಪ್ಪ ಕಾಲುವೆ ನೀರಿನ ಭತ್ತದ ರೈತ, ಮನೆಯಲ್ಲಿ ತೆಲುಗು. ಅವರು ಮಗಳಿಗೆ ಹೇಳಿದ್ದು ಸರಳವಾಗಿತ್ತು: ಪುಕ್ಕಟೆ ಸೀಟು ಸಿಕ್ಕರೆ ಹೋಗು, ಸಿಗದಿದ್ದರೆ ಮಾವನ ಗೊಬ್ಬರದಂಗಡಿಯಲ್ಲಿ ಬಿಲ್ ಬರೆ.

ಮೂರನೆಯ ಕುರ್ಚಿಯಲ್ಲಿ ಅವಳು ಒಬ್ಬಳೇ ನೂರು ಹೊಡೆಯುವುದು ನಮಗೆಲ್ಲ ಮಾಮೂಲಿಯಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಎರಡನೆಯ ನೂರು. ಮೊದಲ ಕುರ್ಚಿಯ ಹುಡುಗ ಕ್ರಿಕೆಟ್ ಬಿಟ್ಟು ಬೇರೆ ಪ್ರಶ್ನೆಗೆ ಕೈ ಎತ್ತುತ್ತಿರಲಿಲ್ಲ. ನಾಲ್ಕನೆಯ ಕುರ್ಚಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದ ಅಳವಂಡಿ ಹುಡುಗಿ, ನಮಗಿಂತ ಒಂದು ವರ್ಷ ಚಿಕ್ಕವಳು. ಅವಳು ಉತ್ತರ ಗೊತ್ತಿದ್ದರೂ ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡು ಒತ್ತುವಷ್ಟರಲ್ಲಿ ಬೇರೆ ಯಾರದೋ ಬಲ್ಬು ಹತ್ತಿರುತ್ತಿತ್ತು. ಉಳಿದವನು ಎರಡನೆಯ ಕುರ್ಚಿಯ ನಾನು.

ನನಗೆ ಹೆಚ್ಚು ಗೊತ್ತಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ನನಗೆ ಗೊತ್ತಿದ್ದದ್ದು ಪ್ರಶ್ನೆ ಓದುವ ಹಿರಿಯರು. ಅವರು ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಆದರೂ ಎಲ್ಲರ ಬಾಯಲ್ಲೂ ಅವರು ಮಾಸ್ತರೇ. ಪ್ರಶ್ನೆಗಳನ್ನೆಲ್ಲ ತಾವೇ ಬರೆಯುತ್ತಿದ್ದರು. ಉತ್ತರ ನದಿಯೋ ಕಾಲುವೆಯೋ ಅಣೆಕಟ್ಟೋ ಆಗಿದ್ದರೆ ಅವರ ದನಿ ಮೊದಲ ವಾಕ್ಯದಲ್ಲೇ ಮೆತ್ತಗಾಗುತ್ತಿತ್ತು. ಅಡುಗೆಮನೆಯ ವಸ್ತುವಾಗಿದ್ದರೆ ತುಟಿಯ ಒಂದು ತುದಿ ಮೇಲೇಳುತ್ತಿತ್ತು, ಇಷ್ಟು ಸುಲಭದ್ದು ಇವರಿಗೆ ತಿಳಿಯುವುದಿಲ್ಲ ಎಂಬ ಖುಷಿ. ನಾನು ಅದನ್ನೇ ಓದುತ್ತಿದ್ದೆ. ಇವತ್ತು ಟ್ರ್ಯಾಕ್ಟರ್ ಕೊಳ್ಳಲು ಬರುವ ಹುಡುಗರಿಗೂ ಅದನ್ನೇ ಹೇಳುತ್ತೇನೆ: ಇಂಜಿನ್ ಆಮೇಲೆ ನೋಡಿ, ಮೊದಲು ಮಾರುವವನನ್ನು ನೋಡಿ. ಯಾವ ಭಾಗದ ಮಾತು ಬಂದಾಗ ಅವನು ಬೇಗ ಬೇಗ ಮಾತಾಡುತ್ತಾನೋ ಅಲ್ಲಿ ಬಗ್ಗಿ ನೋಡಿ.

ಆ ದಿನ ಯಲಬುರ್ಗಾದ ತಂಡ ಎದುರಿಗಿತ್ತು. ಮೊದಲ ಹತ್ತು ಪ್ರಶ್ನೆಗಳಲ್ಲಿ ಅವಳು ನಾಲ್ಕು ಹಿಡಿದಳು, ನಾನು ಎರಡು. ಎಲ್ಲವೂ ಹದಿನೈದರವು. ನಡುವಿನ ಬಿಡುವಿನಲ್ಲಿ ಅವಳು ಹೆಬ್ಬೆರಳು ಉಜ್ಜಿಕೊಳ್ಳುತ್ತಿದ್ದಳು.

"ಈ ಮೂರನೇ ಗುಂಡಿ ಹಿಡಕೋತೈತಿ. ಜೋರ್ ಒತ್ತಿದ್ರ ಮಾತ್ರ ಹತ್ತತೈತಿ ನೋಡು."

"ಇತ್ತ ಸರಿ. ನನ್ನ ಬೆರಳು ದಪ್ಪ ಅದಾವು, ನಾ ಅಲ್ಲಿ ಕೂಡ್ತೀನಿ."

"ತಲೀನೂ ಅಷ್ಟ ದಪ್ಪ ಐತಿ, ಹುಷಾರು," ಎಂದು ಅವಳು ನನ್ನ ಕುರ್ಚಿಗೆ ಬಂದಳು.

ಜಾಗ ಬದಲಿಸಲು ಅಡ್ಡಿಯಿರಲಿಲ್ಲ, ಅಂಕ ಬರೆಯುವವರಿಗೆ ಒಂದು ಮಾತು ಹೇಳಬೇಕಿತ್ತು, ಅಷ್ಟೇ. ನಾನು ಹೇಳಲಿಲ್ಲ. ಕಪಟದಿಂದಲ್ಲ, ನೆನಪೇ ಆಗಲಿಲ್ಲ. ಅವರು ಬೆನ್ನು ಹಾಕಿ ಚಹಾ ಕುಡಿಯುತ್ತಿದ್ದರು. ಮಾಸ್ತರು ಹಾಳೆಯಿಂದ ಕಣ್ಣೆತ್ತುವವರಲ್ಲ. "ಗಂಗಾವತಿ ಎರಡು, ಹೇಳ್ರಿ," "ಗಂಗಾವತಿ ಮೂರು, ಹೇಳ್ರಿ" ಎಂದು ಬಲ್ಬಿನ ನಂಬರನ್ನೇ ಕೂಗುತ್ತಿದ್ದರು. ಉತ್ತರ ಹುಡುಗನ ದನಿಯೋ ಹುಡುಗಿಯ ದನಿಯೋ ಎಂದು ಯಾರೂ ಗಮನಿಸಲಿಲ್ಲ.

ಉಳಿದ ಹತ್ತರಲ್ಲಿ ಅವಳು ಐದು ಹಿಡಿದಳು, ನಾನು ಮೂರು. ಪಂದ್ಯ ಮುಗಿದು ಅಂಕ ಬರೆಯುವವರು ಹಾಳೆ ಹಿಡಿದು ಎದ್ದು ನಿಂತರು.

"ಗಂಗಾವತಿ ಎರಡು, ನೂರಾ ಐದು. ಗಂಗಾವತಿ ಮೂರು, ನೂರಾ ಐದು. ಏಳು ಏಳು. ಜೋಡಿ ನೂರು ಆತ್ರೆಪಾ!"

ಸಭಾಂಗಣ ಎದ್ದು ಚಪ್ಪಾಳೆ ಹೊಡೆಯಿತು. ಯಲಬುರ್ಗಾದವರೇ ಬಂದು ಕೈ ಕುಲುಕಿದರು. ಶ್ರೀರಾಮನಗರದ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಾನು ಬೆನ್ನು ತಟ್ಟಿಸಿಕೊಳ್ಳುತ್ತಿದ್ದಾಗ ಅವಳು ಬೆರಳು ಮಡಚಿ ಎಣಿಸತೊಡಗಿದ್ದು ಕಂಡಿತು. ಎಣಿಕೆ ಮುಗಿಸಿ, ನನ್ನನ್ನು ಕಣ್ಣಿನಲ್ಲೇ ನೀರಿನ ನಲ್ಲಿಯ ಕಡೆಗೆ ಕರೆದಳು.

"ನಾ ಒಂಬತ್ತು ಹೇಳೀನಿ. ನೀ ಐದು."

ನನಗೆ ಆಗ ಹೊಳೆಯಿತು. ಮೂರನೆಯ ಕುರ್ಚಿಯ ಏಳರಲ್ಲಿ ನಾಲ್ಕು ಅವಳವು, ಮೂರು ನನ್ನವು. ಎರಡನೆಯ ಕುರ್ಚಿಯ ಏಳರಲ್ಲಿ ಎರಡು ನನ್ನವು, ಐದು ಅವಳವು. ನೂರು ಹೊಡೆದದ್ದು ಕುರ್ಚಿಗಳು. ಮನುಷ್ಯರ ಲೆಕ್ಕ ಹಿಡಿದರೆ ಅವಳದು ನೂರಾ ಮೂವತ್ತೈದು, ನನ್ನದು ಬರೀ ಎಪ್ಪತ್ತೈದು.

"ಗಪ್ ಇರು," ಎಂದೆ. "ಹಾಳ್ಯಾಗ ಏನೈತಿ ಅದ ಖರೆ. ನಾವೇನು ಬರೀರಿ ಅಂತ ಹೇಳಿದ್ವೇನು?"

"ಒಪ್ಪಿಸೂದು ಐತೆಲ್ಲೋ."

ಅದೊಂದು ಪದ್ಧತಿ ಇತ್ತು. ಕೆಂಪು ಸಾಲು ಬರೆಯುವ ಮೊದಲು ಆ ಇಬ್ಬರೂ ಎದ್ದು ನಿಂತು, ಹಾಳೆ ನೋಡದೆ, ತಾವು ಹೇಳಿದ ಉತ್ತರಗಳನ್ನು ಅದೇ ಕ್ರಮದಲ್ಲಿ ಒಪ್ಪಿಸಬೇಕು. ತಾನು ಗಳಿಸಿದ್ದು ಯಾರಿಗೂ ಮರೆಯುವುದಿಲ್ಲ ಎಂಬುದು ಮಾಸ್ತರ ನಂಬಿಕೆ. ಸುತ್ತಲಿನ ಯಾವ ಊರಿನ ಕ್ವಿಜ್‌ನಲ್ಲೂ ನಾನು ಇದನ್ನು ಕಂಡಿಲ್ಲ.

"ಎಲ್ಲಾರು ಚಾ ಕುಡಿಯೂತನಾ ಟೈಮ್ ಐತಿ," ಎಂದೆ. "ನಂದು ಮೂರು ನೀ ಕಲಿ, ನಿಂದು ಐದು ನಾ ಕಲೀತೀನಿ. ಯಾರಿಗೆ ತ್ರಾಸು ಹೇಳು? ನನಗ ಹೆಚ್ಚು. ಧಾರವಾಡಕ್ಕ ಹೋಗಬೇಕೊ ಬ್ಯಾಡೊ?"

ಅವಳು ನೀರು ಬಿಟ್ಟುಕೊಂಡು ಹೆಬ್ಬೆರಳು ತೊಳೆದಳು. ಆಮೇಲೆ ಒಂದೊಂದಾಗಿ ಹೇಳಿಕೊಟ್ಟಳು. ರಂಜಕ. ಗುಲ್ಮ. ಮಡಗಾಸ್ಕರ್. ಯೀಸ್ಟ್. ಚದುರಂಗ. ನಾನು ಬೆರಳಿಗೊಂದರಂತೆ ಹಿಡಿದುಕೊಂಡೆ. ಗುಲ್ಮ ಎಂದರೆ ಹೊಟ್ಟೆಯೊಳಗಿನ ಒಂದು ಅಂಗ ಎಂಬುದು ನನಗೆ ಆಗ ತಿಳಿದದ್ದು. ನನ್ನ ಮೂರನ್ನು ಅವಳು ಒಮ್ಮೆ ಕೇಳಿ ತಲೆಯಾಡಿಸಿದಳು.

ಎರಡನೆಯ ಕುರ್ಚಿ ಎಂದು ಮೊದಲು ನನ್ನನ್ನೇ ಎಬ್ಬಿಸಿದರು. ನಾನು ತಡವರಿಸಲಿಲ್ಲ. "ಸೂಯೆಜ್ ಕಾಲುವೆ, ಉಪ್ಪು, ರಂಜಕ, ಗುಲ್ಮ, ಮಡಗಾಸ್ಕರ್, ಯೀಸ್ಟ್, ಚದುರಂಗ." ಮಾಸ್ತರು ಹಾಳೆಯ ಮೇಲೆ ಬೆರಳು ಸರಿಸುತ್ತಾ ಹೋಗಿ, "ಶಾಬಾಸ್ ತಮ್ಮಾ" ಎಂದರು.

ಅವಳು ಎದ್ದಳು. "ಶೂನ್ಯ, ಹವಳ, ಇರುವೆ, ಗ್ರೀನ್‌ಲ್ಯಾಂಡ್." ಅಲ್ಲಿಗೆ ನಿಂತಳು. ಮುಂದಿನದು ಪನಾಮಾ ಕಾಲುವೆ ಎಂದು ನಾನು ಮನಸ್ಸಿನಲ್ಲೇ ಅವಳ ಕಡೆಗೆ ನೂಕುತ್ತಿದ್ದೆ. ಅವಳು ಹಾಳೆಯ ಕಡೆಗೂ ನನ್ನ ಕಡೆಗೂ ನೋಡಲಿಲ್ಲ.

"ರಂಜಕ, ಗುಲ್ಮ, ಮಡಗಾಸ್ಕರ್, ಯೀಸ್ಟ್, ಚದುರಂಗ."

ಮಾಸ್ತರ ಬೆರಳು ಹಾಳೆಯ ಮೇಲೆ ಅಲ್ಲೇ ನಿಂತಿತು. "ಒಂಬತ್ತು ಆತಲ್ಲವಾ ತಂಗಿ?"

"ಹೌದ್ರಿ ಸರ್ರ. ನಾನು ಒಂಬತ್ತು ಹೇಳೀನ್ರಿ. ಬಿಡುವಿನ್ಯಾಗ ನಾವು ಕುರ್ಚಿ ಬದಲಿ ಮಾಡಿದ್ವಿ, ಹೇಳೂದು ಬಿಟ್ವಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮತ್ತ ಈ ಐದು ನೀನೂ ಹೇಳಿದೆಲ್ಲಪಾ? ಒಂದ ಎಮ್ಮಿಗೆ ಇಬ್ರು ಮಾಲಕರು ಬಂದಾರಲ್ಲೋ!"

ಸಭಾಂಗಣ ನಕ್ಕಿತು. ಚಪ್ಪಾಳೆಗಿಂತ ಆ ನಗು ಜಾಸ್ತಿ ಹೊತ್ತು ಇತ್ತು. ಮಾಸ್ತರು ಸಿಟ್ಟಾಗಲಿಲ್ಲ. ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಹಾಳೆಯಲ್ಲಿ ಒಂಬತ್ತು, ಐದು ಎಂದು ತಿದ್ದಿ ಸಹಿ ಹಾಕಿದರು. ನನಗೆ ಹೇಳಿದ್ದಿಷ್ಟು: "ಬರೂ ವರ್ಷ ನೀ ಆಡೂದು ಬ್ಯಾಡ. ಅಲ್ಲಿ ದೀಪದ ಕಡೆ ಮಾರಿ ಮಾಡಿ ಕೂಡು, ಅಂಕ ಬರಿ. ಕುರ್ಚಿ ಅಂದ್ರ ಏನಂತ ತಿಳೀತೈತಿ."

ಗಂಗಾವತಿಗೆ ವಾಪಸ್ ಹೋಗುವ ಬಸ್ಸಿನಲ್ಲಿ ಅಳವಂಡಿ ಹುಡುಗಿ ನಮ್ಮಿಬ್ಬರ ನಡುವೆ ಕುಳಿತಿದ್ದಳು. ನಾನು ಅವಳ ತಲೆಯ ಮೇಲಿಂದಲೇ ಜಗಳ ತೆಗೆದೆ.

"ಮೂರು ಉತ್ತರ ಬಾಯಾಗ ಇದ್ವು. ಹೇಳಿಬಿಟ್ಟಿದ್ರ ಸೀಟು ಬರ್ತಿತ್ತು. ಹುಚ್ಚಿ!"

"ಹುಚ್ಚ ನೀನು. ನನ್ನ ಹತ್ರ ಒಂಬತ್ತಿದ್ವು. ಏಳಕ್ಕ ಯಾಕ ಮಾರ್ಲಿ?"

ಅವಳೇ ಮುಂದುವರಿಸಿದಳು. "ಆ ಏಳರಾಗೂ ಮೂರು ನಿನ್ನವು. ಪನಾಮಾ ಕಾಲುವಿ ಬಗ್ಗೆ ಸರ್ರ ಇನ್ನೊಂದು ಮಾತು ಕೇಳಿದ್ರ ನಾ ಏನು ಹೇಳ್ಲಿ? ಅವರು ದನಿ ಸಣ್ಣದು ಮಾಡಿದ್ರು ಅಂತ ಹೇಳ್ಲೇನು?"

ಅಳವಂಡಿ ಹುಡುಗಿ ಕಿಸಕ್ಕನೆ ನಕ್ಕಳು. ಎರಡು ವರ್ಷದಲ್ಲಿ ಅವಳು ನಮ್ಮ ಮಾತಿಗೆ ನಕ್ಕದ್ದು ಅದೇ ಮೊದಲು.

ಆಗ ಶ್ರೀರಾಮನಗರದವಳ ಮಾತನ್ನು ಹಟ ಎಂದುಕೊಂಡಿದ್ದೆ. ದಂಧೆಗೆ ಇಳಿದ ಮೇಲೆ ಅದರ ಬೆಲೆ ತಿಳಿಯಿತು. ಹತ್ತಿರ ಒಳ್ಳೆಯ ಮಾಲು ಇರುವವರೇ ಗಡಿಬಿಡಿಯಲ್ಲಿ ಕಡಿಮೆಗೆ ಕೊಟ್ಟು ಹೋಗುವುದನ್ನು ವಾರಕ್ಕೊಮ್ಮೆ ನೋಡುತ್ತೇನೆ. ನಿಮ್ಮ ಹತ್ತಿರ ಏನಿದೆ ಎಂದು ನೀವೇ ಮೊದಲು ಬೆರಳು ಮಡಚಿ ಎಣಿಸಿಕೊಳ್ಳಿ. ಎದುರಿನವನು ಎಷ್ಟು ಹೇಳಿದ ಎಂಬುದು ಆಮೇಲಿನ ಮಾತು.

ಆದರೆ ಸೀಟು ಹೋದದ್ದು ಹೋಗಿತ್ತು, ಅದು ನಾನು ಐದಕ್ಕೇ ನಿಂತದ್ದರಿಂದ. ಆ ಭಾನುವಾರ ತಿದ್ದಿದ ಹಾಳೆಯ ಜೆರಾಕ್ಸ್ ಹಿಡಿದು ಶ್ರೀರಾಮನಗರಕ್ಕೆ ಹೋದೆ. ಅವಳ ಅಪ್ಪ ಅಂಗಳದಲ್ಲಿ ಔಷಧಿ ಹೊಡೆಯುವ ಪಂಪು ಬಿಚ್ಚಿಟ್ಟುಕೊಂಡು ಕುಳಿತಿದ್ದರು.

"ಏನು ಬಾಬೂ, ಒಂಬತ್ತು ಹೇಳಿದ್ಳಂತೆ. ಒಂಬತ್ತಕ್ಕೆ ಏನು ಕೊಡ್ತಾರೆ?"

"ಏನೂ ಇಲ್ರಿ ಕಾಕಾ."

"ಮತ್ತೆ ಏಳಕ್ಕೆ?"

"ಏಳಕ್ಕ ಸೀಟು ಇತ್ರಿ. ಆದ್ರ ಇಬ್ರಿಗೂ ಏಳು ಬರಬೇಕಿತ್ತು. ನಾ ಬರೀ ಐದು ಹೇಳಿದ್ದೆ."

ಅವರು ಪಂಪಿನ ವಾಷರ್ ಉಜ್ಜುತ್ತಾ ನಕ್ಕರು. "ಅಂದ್ರೆ ತಪ್ಪು ನಿಂದು."

"ಹೌದ್ರಿ. ಅದಕ್ಕ ಬಂದೀನಿ. ಒಂದು ವರ್ಷ ಕೊಡ್ರಿ. ಕಾಲೇಜು ಮುಗಿದ ಮ್ಯಾಲ ಅಂಗಡ್ಯಾಗ ಬಿಲ್ ಬರೀಲಿ, ಬ್ಯಾಡ ಅನ್ನಂಗಿಲ್ಲ. ಬರೂ ಚಳಿಗಾಲ ಇನ್ನೊಮ್ಮೆ ಆಡ್ಲಿ."

ನಾನು ಸೀಟಿನ ದುಡ್ಡು ಕೇಳಿದ್ದರೆ ಅವರು ಅಲ್ಲೇ ಮಾತು ಮುಗಿಸುತ್ತಿದ್ದರು. ಬಿಲ್ ಬರೆಯುವುದಂತೂ ನಡೆಯುತ್ತದೆ, ಕೇಳಿದ್ದು ಸಮಯ ಮಾತ್ರ. ಅವರು ಪಂಪಿಗೆ ವಾಷರ್ ಕೂಡಿಸಿ, ಎರಡು ಸಲ ಒತ್ತಿ ನೋಡಿ, "ಒಂದೇ ಸಲ" ಎಂದರು.

ಆ ವರ್ಷ ಅವಳು ಗೊಬ್ಬರದಂಗಡಿಯಲ್ಲಿ ಕುಳಿತಳು. ಗಿರಾಕಿ ಇಲ್ಲದಾಗ ಅಳವಂಡಿ ಹುಡುಗಿಗೆ ಫೋನು. ನಾನು ಹಳೆಯ ಬೈಕು ತೋರಿಸಲು ಆ ಕಡೆ ಹೋದಾಗ ಅಂಗಡಿಯಲ್ಲಿ ಕೇಳಿದ್ದೇನೆ: "ಯೂರಿಯಾ ಮೂರು ಚೀಲ... ಏ, ನೀ ಮನಸಿನ್ಯಾಗ ಎರಡು ಸಲ ಹೇಳ್ಕೋಬ್ಯಾಡ್ಲೇ, ಒಮ್ಮೆ ಸಾಕು, ಒತ್ತು!" ಅತ್ತ ಕಡೆಯಿಂದ ಹಾಸ್ಟೆಲ್ಲಿನ ಹುಡುಗಿ ಸ್ಟೀಲ್ ಲೋಟದ ಮೇಲೆ ಚಮಚ ಬಡಿದು ಉತ್ತರ ಹೇಳುತ್ತಿದ್ದಳು. ಆ ಹುಡುಗಿಗೆ ನನಗಿಂತ ಎಷ್ಟೋ ಹೆಚ್ಚು ಗೊತ್ತಿತ್ತು. ಎರಡು ವರ್ಷ ನಾವಿಬ್ಬರೂ ಅವಳಿಗಿಂತ ಮೊದಲು ಗುಂಡಿ ಒತ್ತಿ ಒತ್ತಿ ಅದನ್ನು ಕಾಣಗೊಟ್ಟಿರಲಿಲ್ಲ.

ಮರುವರ್ಷ ಕುಷ್ಟಗಿಯ ಎದುರು ಪಂದ್ಯ. ನಾನು ಬೆನ್ನು ಹಾಕಿ ಬಲ್ಬಿನ ಕಡೆ ಮುಖ ಮಾಡಿ ಕುಳಿತಿದ್ದೆ. ಮುಖಗಳು ಕಾಣದೆ ಆಟ ನೋಡುವುದು ವಿಚಿತ್ರ. ಬೆಳಕು, ದನಿ, ನಂಬರ್ ಇಷ್ಟೇ. ಬಿಡುವು ಮುಗಿದಾಗ ತಿರುಗದೆಯೇ ಕೂಗಿದೆ: "ಯಾರರೆ ಕುರ್ಚಿ ಬದಲಿ ಮಾಡೀರೇನ್ರಿ?" ಹಿಂದಿನ ವರ್ಷದ್ದನ್ನು ನೋಡಿದವರೆಲ್ಲ ನಕ್ಕರು. ಯಾರೂ ಮಾಡಿರಲಿಲ್ಲ.

ಹತ್ತೊಂಬತ್ತು ಪ್ರಶ್ನೆ ಮುಗಿದಾಗ ನನ್ನ ಹಾಳೆಯಲ್ಲಿ ಗಂಗಾವತಿ ಮೂರು ನೂರಾ ಐದು, ಗಂಗಾವತಿ ನಾಲ್ಕು ತೊಂಬತ್ತು. ಕೊನೆಯ ಪ್ರಶ್ನೆ ಅಳವಂಡಿ ಹುಡುಗಿಗೇ ಸಿಗಬೇಕು. ಶ್ರೀರಾಮನಗರದವಳಿಗೆ ಗೊತ್ತಿದ್ದರೂ ಒತ್ತುವ ಹಾಗಿಲ್ಲ. ಕುಷ್ಟಗಿಯ ನಾಲ್ವರಿಗೆ ಅಂಥ ಕಟ್ಟು ಇಲ್ಲ.

ಮಾಸ್ತರು ಓದತೊಡಗಿದರು. "ಹಿಂದಿನ ಕಾಲದಲ್ಲಿ ಪರದೇಶದ ಟೋಪಿ ತಯಾರಕರ ಕೈ ನಡುಗಿಸಿ, ಬುದ್ಧಿ ಕೆಡಿಸಿದ ಈ ವಸ್ತು..." ಬಲ್ಬುಗಳು ಕತ್ತಲಾಗಿಯೇ ಇದ್ದವು. "ಚಿನ್ನವನ್ನು ಅದಿರಿನಿಂದ ಬೇರ್ಪಡಿಸಲು..." ನನ್ನ ಪೆನ್ನು ಹಾಳೆಗೆ ತಾಗಿ ಒಂದು ಚುಕ್ಕೆ ದೊಡ್ಡದಾಗುತ್ತಿತ್ತು. ನಾಲ್ಕನೆಯದು ಹತ್ತಿತು.

"ಗಂಗಾವತಿ ನಾಲ್ಕು, ಹೇಳ್ರಿ."

"ಪಾದರಸ ರೀ."

ನೂರಾ ಐದು.

ಈ ಸಲ ಚಪ್ಪಾಳೆ ಹೊಡೆಯುವ ಮೊದಲು ಎಲ್ಲರೂ ಒಪ್ಪಿಸುವುದಕ್ಕೆ ಕಾದರು. ಶ್ರೀರಾಮನಗರದವಳು ತನ್ನ ಏಳನ್ನು ಅಂಗಡಿಯಲ್ಲಿ ಬಿಲ್ ಓದಿದಂತೆ ಓದಿ ಕುಳಿತಳು. ಅಳವಂಡಿ ಹುಡುಗಿ ನಾಲ್ಕು ಹೇಳಿ, ಐದನೆಯದಕ್ಕೆ ಸಿಕ್ಕಿಬಿದ್ದಳು. ದುಪಟ್ಟಾದ ಅಂಚು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಳು. ಬೇರೆಯವರು ಹೇಳಿಕೊಡುವ ಹಾಗಿಲ್ಲ. ಹಾಳೆ ನನ್ನ ಕೈಯಲ್ಲೇ ಇತ್ತು, ಐದನೆಯದು ಭೂಕಂಪ. ಮೇಜನ್ನು ಒಮ್ಮೆ ಅಲುಗಾಡಿಸಿದ್ದರೆ ಸಾಕಿತ್ತು. ಅಂಥ ಯೋಚನೆ ನನಗೆ ಬೇಗ ಬರುತ್ತದೆ. ನಾನು ಹಾಳೆಯನ್ನು ಮಾಸ್ತರ ಮುಂದೆ ಸರಿಸಿ, ಎರಡು ಹೆಜ್ಜೆ ಹಿಂದೆ ಹೋಗಿ ಕೈಕಟ್ಟಿ ನಿಂತೆ.

"ಗಡಿಬಿಡಿ ಮಾಡಬ್ಯಾಡವಾ, ಸಾವಕಾಶ," ಎಂದರು ಮಾಸ್ತರು. ಅವಳು ಗಡಿಬಿಡಿ ಮಾಡುತ್ತಲೇ ಇರಲಿಲ್ಲ.

ಅವಳು ಕಣ್ಣು ಮುಚ್ಚಿದಳು. ತುಟಿ ಆಡಿತು. ಎರಡು ಸಲ ಹೇಳಿಕೊಂಡಳು ಎಂದು ಕಾಣುತ್ತದೆ.

"ಭೂಕಂಪ ರೀ. ಆಮ್ಯಾಲ ರೇಷ್ಮೆ. ಆಮ್ಯಾಲ ಈಗಿಂದು, ಪಾದರಸ."

ಕೆಂಪು ಸಾಲು ಬಿತ್ತು.

ಗಿರಣಿ ಮಾಲೀಕರ ಹತ್ತಿರ ನಾನೂ ಜೊತೆಗೆ ಹೋದೆ. ಇಬ್ಬರು ಹುಡುಗಿಯರನ್ನು ನೋಡಿ ಅವರು ಹುಬ್ಬೇರಿಸಿದರು. "ನಾ ಒಬ್ರಿಗೆ ಅಂದಿದ್ದೆ."

"ಸಾವ್ಕಾರ್ರ, ಆ ಸಾಲಿನ್ಯಾಗ ಒಬ್ರ ಹೆಸರು ಯಾವತ್ತೂ ಬರಂಗಿಲ್ರಿ," ಎಂದೆ. "ಬಂದ್ರ ಇಬ್ರದು, ಇಲ್ಲಂದ್ರ ಯಾರದೂ ಇಲ್ಲ. ನೀವು ಘೋಷಣಾ ಮಾಡೂ ಮೊದಲ ಕೇಳಬೇಕಿತ್ತು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀ ಯಾರಪಾ? ನೀನೂ ಆಡಿಯೇನು?"

"ಇಲ್ರಿ. ನಾ ದೀಪ ನೋಡಾಂವ."

ಶ್ರೀರಾಮನಗರದವಳು ನೆಲ ನೋಡುತ್ತಾ ತುಟಿ ಕಚ್ಚಿ ನಗು ತಡೆದಳು. ಮಾಲೀಕರು ಇಬ್ಬರಿಗೂ ಫೀ ಕಟ್ಟಲು ಒಪ್ಪಿದರು. ವಸತಿಗೆ ಮಾತ್ರ ಒಂದೇ ಕೋಣೆ, ಹಂಚಿಕೊಳ್ಳಬೇಕು ಎಂದರು. ಕೋಣೆಯ ಬಗ್ಗೆ ಇನ್ನೊಂದು ಸುತ್ತು ಎಳೆಯಬಹುದು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಳವಂಡಿ ಹುಡುಗಿ, ಯಾರೂ ಕೇಳದೆ, "ಆಗ್ಲಿ ರೀ" ಎಂದುಬಿಟ್ಟಳು. ಅಷ್ಟು ಬೇಗ ಅವಳು ಯಾವ ಪ್ರಶ್ನೆಗೂ ಉತ್ತರ ಹೇಳಿದ್ದನ್ನು ನಾನು ಕಂಡಿರಲಿಲ್ಲ.

ಜೂನ್ ತಿಂಗಳಲ್ಲಿ ಇಬ್ಬರೂ ಧಾರವಾಡಕ್ಕೆ ಹೋದರು. ಮರುವಾರ ಗೊಬ್ಬರದಂಗಡಿಯ ಮಾವ ನನಗೆ ಫೋನ್ ಮಾಡಿ, ಬಿಲ್ ಬರೆಯಲು ಅವಳಂಥವರು ಇನ್ನೊಬ್ಬರಿದ್ದರೆ ನೋಡು ಎಂದರು. ಅಂಥವರು ಈ ಸಂಬಳಕ್ಕೆ ಸಿಗುವುದಿಲ್ಲ ಎಂದು ಹೇಳಿದೆ.